ಹೆಣ್ಣು ನೋಡುವ ಶಾಸ್ತ್ರದಲ್ಲಿ ಲೇಸರ್

ನಾನೇನು ಕೆಲಸ ಮಾಡುತ್ತೇನೆಂದು ಹೇಳಲು ಹೊರಟಾಗಲೆಲ್ಲ ಯಲ್ದೂರಿನ ನಮ್ಮ ಮನೆಯಲ್ಲಿ ಒಂದಲ್ಲ ಒಂದು ಅವಾಂತರ ಆಗಿಯೇ ತೀರುತ್ತಿತ್ತು. ಎಂಬತ್ತರ ದಶಕದ ಮಾತು. ಆಗ ಬೆಂಗಳೂರಿನ ಒಂದು ಪ್ರಯೋಗಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದೆ. ಕೂಡಿಕೊಂಡಿರುವ ಎರಡು ಪರಮಾಣುಗಳಿಂದ ಒಂದು ಎಲೆಕ್ಟ್ರಾನ್ ಕಿತ್ತರೆ ಸಿಗುವುದು ಅಯಾನು. ಅದರ ಮೇಲೆ ಲೇಸರ್ ಬೆಳಕನ್ನು ರೆಪ್ಪೆ ಬಡಿಯುವುದಕ್ಕಿಂತ ಎಷ್ಟೋ ಕಡಿಮೆ ಹೊತ್ತು, ಆದರೆ ಭಾರೀ ಜೋರಾಗಿ ಬಿಟ್ಟು ಒಡೆಯುವುದು ನನ್ನ ಕೆಲಸ. ಮುಗಿಯಲು ಇನ್ನೆರಡು ವರ್ಷ ಬೇಕಿತ್ತು. ಅಷ್ಟರೊಳಗೆ ಮದುವೆ ಆಗಲೇಬೇಕೆಂದು ಅಮ್ಮನ ಹಟ. ಮದುವೆಯಾದರೂ ಪ್ರಯೋಗ ಬಿಡುವುದಿಲ್ಲವೆಂದು ನನ್ನ ಹಟ.

೧. ಉಪ್ಪಿಟ್ಟು ಉಳಿದದ್ದು

ಮೊದಲು ಬಂದವರು ಮುಳಬಾಗಿಲಿನ ಕಡೆಯವರು. ಹುಡುಗನ ಸೋದರಮಾವ ಉಪ್ಪಿಟ್ಟು ಬಾಯಿಗಿಡುತ್ತಾ, "ಏನಮ್ಮಾ ಓದ್ತಿದ್ದೀಯಾ?" ಎಂದರು.

"ಓದು ಮುಗೀತು. ಈಗ ಒಡೀತಾ ಇದ್ದೀನಿ."

"ಏನನ್ನ?"

"ಕೂಡ್ಕೊಂಡಿರೋದನ್ನ."

ತಟ್ಟೆ ಕೆಳಗಿಟ್ಟವರು ಮತ್ತೆ ಎತ್ತಲಿಲ್ಲ. ಅವರು ಹೋದ ಮೇಲೆ ಅಮ್ಮ ನನಗೆ ಚೆನ್ನಾಗಿ ಮಂಗಳಾರತಿ ಎತ್ತಿದಳು. "ಹೆಣ್ಣು ನೋಡೋಕೆ ಬಂದೋರ ಮುಂದೆ ಒಡೆಯೋದು ಅಂತಾರೇನೇ? ಇನ್ಮೇಲೆ ಬೆಳಕು ಬಿಡ್ತೀನಿ ಅನ್ನು, ಸಾಕು."

೨. ಟೇಕಲ್‌ಗೆ ಲೈನು

ಎರಡನೆಯವರು ಟೇಕಲ್‌ನಿಂದ ಬಂದರು. ನಾನು ತಲೆ ತಗ್ಗಿಸಿ, ಅಮ್ಮ ಹೇಳಿಕೊಟ್ಟಂತೆಯೇ "ಬೆಳಕು ಬಿಡ್ತೀನಿ" ಎಂದೆ.

ಹುಡುಗನ ತಂದೆಯ ಮುಖ ಅರಳಿತು. "ಹಂಗಾದ್ರೆ ಕರೆಂಟ್ ಆಫೀಸು! ನಮ್ಮ ಪಂಪ್‌ಸೆಟ್‌ಗೆ ಒಂದು ಲೈನ್ ಎಳ್ಸಿಕೊಡಮ್ಮಾ, ಪುಣ್ಯ ಬರ್ತದೆ."

"ಅಲ್ಲ ಸಾರ್, ನಾನು ಬೆಳಕು ಬಿಡೋದು ಕಣ್ಣಿಗೇ ಕಾಣ್ದಷ್ಟು ಸಣ್ಣ ಜಾಗಕ್ಕೆ."

ಅವರಿಗೆ ಸಿಟ್ಟು ಬಂತು. "ನಮ್ಮ ಹೊಲ ಅಷ್ಟೇನೂ ಸಣ್ಣದಲ್ಲಮ್ಮಾ. ಬೇಕಾದ್ರೆ ಬಂದು ನೋಡು."

೩. ತಾಯಲೂರಿನವರು

ಮೂರನೆಯ ಸಲ ಅಮ್ಮ, "ತುಟಿ ಬಿಚ್ಚಬೇಡ" ಎಂದಳು. ತಾಯಲೂರಿನಿಂದ ದೊಡ್ಡ ದಂಡೇ ಬಂದಿತ್ತು. ಹುಡುಗ ಕೋಲಾರದಲ್ಲಿ ಮೇಷ್ಟ್ರು. ಜೊತೆಗೆ ಅವನ ತಂದೆ, ತಾಯಿ, ಮೂವರು ಚಿಕ್ಕಪ್ಪಂದಿರು, ಅವರ ಹೆಂಡತಿಯರು, ಮಕ್ಕಳು. ಒಂದೇ ಮನೆ, ಒಂದೇ ಒಲೆ ಎಂದು ತಂದೆ ಹೆಮ್ಮೆಯಿಂದ ಹೇಳಿಕೊಂಡರು. ಹುಡುಗ ನನ್ನ ಕಡೆ ನೋಡಿ ಮೆಲ್ಲಗೆ ನಕ್ಕ. ನನಗೂ ಅವನು ಹಿಡಿಸಿದ. ಅದಕ್ಕೇ ಹೆದರಿಕೆ ಜಾಸ್ತಿಯಾಯಿತು.

"ಏನಮ್ಮಾ ಕೆಲಸ?" ಎಂದರು ಅವನ ತಾಯಿ.

ಮುಚ್ಚಿಟ್ಟು ಮದುವೆಯಾದರೆ ನಾಳೆ ಪ್ರಯೋಗಾಲಯಕ್ಕೆ ಕಳಿಸುವವರು ಯಾರು? ಅಮ್ಮ ಕಣ್ಣು ಬಿಟ್ಟರೂ ಎಲ್ಲವನ್ನೂ ಹೇಳಿಬಿಟ್ಟೆ. "ಎರಡು ಅಂಟ್ಕೊಂಡಿರ್ತವೆ. ಮಂದ ಬೆಳಕು ಎಷ್ಟು ಹೊತ್ತು ಬಿಟ್ರೂ ಜಗ್ಗಲ್ಲ. ಒಂದೇ ಸಲ ಜೋರಾಗಿ ಬಿಟ್ರೆ ಅದೊಂದು ಆ ಕಡೆ, ಇದೊಂದು ಈ ಕಡೆ."

ಅಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಒಳಗೆ ಹೋದಳು.

ಹುಡುಗನ ತಾಯಿ ಮಾತ್ರ ನನ್ನ ಹತ್ತಿರ ಸರಿದರು. "ಸುಟ್ಟುಹೋಗಲ್ವಾ?"

"ಇಲ್ಲ. ಎರಡೂ ತಮ್ಮ ಪಾಡಿಗೆ ಇರ್ತವೆ."

"ಕಲಿಯೋದು ಇನ್ನೂ ಐತಾ?"

"ಇನ್ನೆರಡು ವರ್ಷ."

ಆಕೆ ಗಂಡನ ಕಡೆ ತಿರುಗಿ ತೆಲುಗಿನಲ್ಲಿ "ವಿನ್ನಾರಾ?", ಕೇಳಿಸಿಕೊಂಡಿರಾ ಎಂದು ಗದರಿ, ಎಲ್ಲರಿಗೂ ಕೇಳುವಂತೆ ಹೇಳಿದರು: "ಈ ಹುಡುಗೀನೇ ನನ್ನ ಸೊಸೆ. ಓದು ಪೂರ್ತಿ ಮುಗಿಸ್ಬೇಕು. ಯಾರೂ ಅಡ್ಡ ಬರಂಗಿಲ್ಲ."

ಅಮ್ಮ ಒಳಗಿನಿಂದ ಓಡಿಬಂದಳು. ಖುಷಿಗೆ ನನಗೆ ಅಳುವೇ ಬಂತು. ಕಾಲಿಗೆ ಬಿದ್ದೆ. ನನ್ನನ್ನು ಎತ್ತುವ ನೆಪದಲ್ಲಿ ಅತ್ತೆ ಬಗ್ಗಿ, ಚಾಪೆಯ ಮೇಲೆ ಸಾಲಾಗಿ ಕೂತಿದ್ದ ತಮ್ಮ ಗಂಡನನ್ನೂ ಮೂವರು ಮೈದುನರನ್ನೂ ಒಮ್ಮೆ ನೋಡಿ, ಕಿವಿಯಲ್ಲಿ ಪಿಸುಗುಟ್ಟಿದರು:

"ಮದುವೆಯಾಗಿ ಬಂದಾಗಿಂದ ಮೆತ್ತಗೆ ಹೇಳಿ ಹೇಳಿ ಸಾಕಾಯ್ತು ಕಣೇ, ಇವರು ಭಾಗ ಆಗ್ತಿಲ್ಲ. ನಮ್ಮನೆಗೆ ಬರೋವಾಗ ಆ ಬೆಳಕು ಒಸಿ ತಗೊಂಡ್ ಬಾ."