ಕಿಲೋಮೀಟರಿಗೊಬ್ಬರು

ಆಸ್ಪತ್ರೆಯ ಬೆಂಚಿನ ಮೇಲೆ ಅರೆನಿದ್ದೆಯಲ್ಲಿ ಆಡಿದ ಒಂದು ಮಾತು ತನ್ನನ್ನು ಇಷ್ಟು ದೂರ ಓಡಿಸುತ್ತದೆ ಎಂದು ಷಡಕ್ಷರಿಗೆ ಗೊತ್ತಿರಲಿಲ್ಲ. ಕಳೆದ ಮಳೆಗಾಲದಲ್ಲಿ ಅವನ ಅಕ್ಕ ನಾಗಶ್ರೀಗೆ ರಕ್ತದ ಕಾಯಿಲೆ ಬಂದು ಇಪ್ಪತ್ತೊಂದು ಬಾಟಲಿ ರಕ್ತ ಏರಿಸಬೇಕಾಯಿತು. ಕೊಟ್ಟವರು ಯಾರೂ ಪರಿಚಯದವರಲ್ಲ. ಇನ್ನು ಭಯವಿಲ್ಲ ಎಂದು ಡಾಕ್ಟರು ಹೇಳಿದ ದಿನ ಷಡಕ್ಷರಿ ಕಣ್ಣೊರೆಸಿಕೊಂಡು, "ಇಪ್ಪತ್ತೊಂದು ಕಿಲೋಮೀಟರ್ ಓಡ್ತೀನಿ. ಕಿಲೋಮೀಟರಿಗೊಬ್ಬರ ಕೈಲಿ ರಕ್ತ ಕೊಡಿಸ್ತೀನಿ" ಅಂದುಬಿಟ್ಟ. ಮೂಡಿಗೆರೆಯಲ್ಲಿ ಪೈಪು, ನಲ್ಲಿ ಮಾರುವ, ತೊಂಬತ್ತಾರು ಕಿಲೋ ತೂಗುವ ಮನುಷ್ಯ ಅವನು. ಅಲ್ಲಿಯತನಕ ಅವನು ಓಡಿದ್ದು ಬಸ್ಸಿನ ಹಿಂದೆ ಮಾತ್ರ. ಅದೂ ಸಿಕ್ಕಿರಲಿಲ್ಲ.

ಜನರನ್ನು ಒಪ್ಪಿಸಿದವನು ಎಸ್ಟೇಟಿನ ರೈಟರ್ ರುದ್ರಪ್ಪ. ಊರಲ್ಲಿ ಏನೇ ಆಗಲಿ, ಪಟ್ಟಿ ಬರೆಯುವುದು ರುದ್ರಪ್ಪನೇ. ಕಾಡಾನೆ ಬಂದರೆ ಎಚ್ಚರಿಸುವ ವಾಟ್ಸಾಪ್ ಗ್ರೂಪಿಗೆ ಅಡ್ಮಿನ್ನೂ ಅವನೇ. ಷಡಕ್ಷರಿ ಎಷ್ಟು ಕಿಲೋಮೀಟರ್ ಓಡುತ್ತಾನೋ ಅಷ್ಟು ಜನ ರಕ್ತ ಕೊಡಬೇಕು ಎಂದಾಗ ಇಪ್ಪತ್ತೊಂದು ಜನ ತಕರಾರಿಲ್ಲದೆ ಒಪ್ಪಿದರು. ಮೂರನೇ ಕಿಲೋಮೀಟರಿಗೆ ಅವನು ಕೂತುಬಿಡುತ್ತಾನೆ ಎಂಬ ಧೈರ್ಯ ಉಳಿದ ಹದಿನೆಂಟು ಜನರಿಗೂ ಇತ್ತು.

ಕಾಫಿ ಅರಳಿಸುವ ಹೂಮಳೆ ಬಿದ್ದ ಮರುವಾರದ ಭಾನುವಾರ ಬೆಳಿಗ್ಗೆ ಷಡಕ್ಷರಿ ಕಿತ್ತಳೆ ಬಣ್ಣದ ಹೊಸ ಶೂ ತೊಟ್ಟು ಶಾಲೆಯ ಮೈದಾನದಿಂದ ಹೊರಟ. ಎಸ್ಟೇಟ್ ರಸ್ತೆಗಳಲ್ಲಿ ಸುತ್ತಿ ಮತ್ತೆ ಅಲ್ಲಿಗೇ ಬರಬೇಕು. ಅಕ್ಕ ಅವನ ಫೋನನ್ನು ಕೈಯಿಂದ ಕಿತ್ತುಕೊಂಡಳು. ಹಿಂದೆ ಜೀಪು ಕಳಿಸುವುದಕ್ಕೂ ಒಪ್ಪಲಿಲ್ಲ.

"ಜೀಪಿದ್ರೆ ಹತ್ತಿಬಿಡ್ತಿ. ಫೋನಿದ್ರೆ ಜೀಪಿಗೆ ಫೋನ್ ಮಾಡ್ತಿ. ಹನ್ನೊಂದಕ್ಕೆ ಎಲ್ರೂ ಇಲ್ಲಿರ್ತಾರೆ, ರಕ್ತದ ವ್ಯಾನು ಒಂದು ಗಂಟೆಗೆ ಹೊರಡುತ್ತೆ. ಅಷ್ಟರೊಳಗೆ ಬಾ."

ದಟ್ಟ ಮಂಜು. ಅದರೊಳಗೆ ಹೌದೋ ಅಲ್ಲವೋ ಎಂಬಂಥ ಹನಿ. ನಾಲ್ಕನೇ ಕಿಲೋಮೀಟರಿಗೆ ತೋಟದ ಗೇಟಿನಲ್ಲಿ ನಿಂತಿದ್ದ ತುಂಗಮ್ಮ ಅವನನ್ನು ತಡೆದರು. ಊರಿನ ಅರ್ಧ ಜನರ ಬಾಣಂತನ ನೋಡಿದ ಹಿರಿಯರು.

"ಎಂತ ಮಾರಾಯ, ಈ ಥಂಡಿಲಿ ಬರೀ ಬನೀನಲ್ಲಿ ಓಡ್ತಿಯಲ್ಲ. ಅಕ್ಕನ್ನ ಉಳಿಸ್ಕಂಡಾಯ್ತು, ಈಗ ನಿನ್ನ ಮಲಗಿಸ್ಬೇಕಾ?"

"ಬೆವರ್ತಾ ಇದೆ ತುಂಗಮ್ಮೋರೆ."

"ಬೆವರಿದ ಮೈಗೇ ಥಂಡಿ ಹಿಡಿಯೋದು. ತಲೆ ಬಗ್ಸು."

ಅವರಿಗೆ ಎದುರಾಡಿ ಗೆದ್ದವರು ಆ ಸೀಮೆಯಲ್ಲಿಲ್ಲ. ಷಡಕ್ಷರಿ ತಲೆ ಬಗ್ಗಿಸಿದ. ತುಂಗಮ್ಮ ತಮ್ಮ ಕರಿ ಕಂಬಳಿಯನ್ನು ಕೊಪ್ಪೆ ಮಡಿಸಿ, ತಲೆಯಿಂದ ಮೊಣಕಾಲಿನವರೆಗೆ ಇಳಿಬಿಟ್ಟು, ಗಂಟಲ ಹತ್ತಿರ ದಾರ ಬಿಗಿದು ಕಳಿಸಿದರು.

ಅಲ್ಲಿಂದ ಮುಂದೆ ಓಟ ಕನಸಿನಂತಾಯಿತು. ಎರಡೂ ಕಡೆ ಕಾಫಿಗಿಡಗಳು ಅರಳಿ ಬೆಳ್ಳಗೆ ನಿಂತಿದ್ದವು. ಆ ಪರಿಮಳಕ್ಕೆ ಮಂಜೇ ಮತ್ತೇರಿ ರಸ್ತೆಯ ಮೇಲೆ ಮಲಗಿದಂತಿತ್ತು. ಕೊಪ್ಪೆಯೊಳಗೆ ಬೆಚ್ಚಗೆ, ಅರೆಗಣ್ಣಿನಲ್ಲಿ, ಷಡಕ್ಷರಿ ತೇಲಿದ. ಎರಡು ಜಡೆಯ ಅಕ್ಕ ಪಕ್ಕದಲ್ಲೇ ಓಡಿ ಬರುತ್ತಿದ್ದಾಳೆ, ಅವನ ಕೈ ಹಿಡಿದು ಶಾಲೆಗೆ ಎಳೆಯುತ್ತಿದ್ದಾಳೆ ಎನ್ನಿಸಿತು. ಅವಳಿಲ್ಲದ ಮನೆಯನ್ನು ಆಸ್ಪತ್ರೆಯ ದಿನಗಳಲ್ಲಿ ಒಮ್ಮೆ ನೆನೆಸಿಕೊಂಡಿದ್ದ. ಈಗ ಅದು ನೆನಪಾಗಿ ಹೆಜ್ಜೆ ಬಿರುಸು ಮಾಡಿದ.

ರಸ್ತೆಯಲ್ಲಿ ನರಪಿಳ್ಳೆಯೂ ಇರಲಿಲ್ಲ. ಎದುರಿಗೆ ಬಂದ ಜೀಪೊಂದು ದೂರದಲ್ಲೇ ಗಕ್ಕನೆ ನಿಂತು, ತಿರುವಿನತನಕ ಹಿಂದಕ್ಕೇ ಹೋಗಿ ಮಾಯವಾಯಿತು. ಕೆಲಸಕ್ಕೆ ಹೊರಟಿದ್ದ ಹೆಂಗಸರು ಟ್ರ್ಯಾಕ್ಟರಿನಿಂದ ದುಡುದುಡು ಇಳಿದು ತೋಟದೊಳಗೆ ಸರಿದರು. ಕೂಲಿಯವರ ಲೈನ್ ಮನೆಗಳ ಬಾಗಿಲುಗಳು ಒಂದೊಂದಾಗಿ ಮುಚ್ಚಿಕೊಂಡವು. ತನ್ನೊಬ್ಬನಿಗಾಗಿ ಊರೆಲ್ಲ ದಾರಿ ಬಿಟ್ಟಿದೆಯಲ್ಲ ಎಂದು ಷಡಕ್ಷರಿಯ ಎದೆ ತುಂಬಿತು. ಸ್ವಲ್ಪ ಹೊತ್ತಿಗೆ ಗುಡ್ಡದ ಕಡೆಯಿಂದ ಪಟಾಕಿ ಸಿಡಿಯಿತು. ಪುಣ್ಯಾತ್ಮರು ಪಟಾಕಿಯನ್ನೂ ತಂದಿದ್ದಾರೆ ಎಂದುಕೊಂಡು ಶಬ್ದ ಬಂದ ಕಡೆಗೆ ಕೈ ಎತ್ತಿ ಮುಗಿದ. ಪಟಾಕಿ ಇನ್ನೂ ಜೋರಾಯಿತು.

ಹದಿನಾಲ್ಕನೇ ಕಿಲೋಮೀಟರಿಗೆ ಮೊಣಕಾಲು ಮುಷ್ಕರ ಹೂಡಿತು. ಕಂಬಳಿ ನೀರು ಕುಡಿದು ಭಾರವಾಗಿತ್ತು. ಸೆಕೆ ತಾಳದೆ ಕೊಪ್ಪೆಯನ್ನು ತಲೆಯಿಂದ ಹಿಂದಕ್ಕೆ ಸರಿಸಿದಾಗ ಮೇಲಿನಿಂದ ಪಿಸುದನಿ ಬಂತು. ಕಾಳುಮೆಣಸು ಕೊಯ್ಯುವ ಕೆಂಚಯ್ಯ ಸಿಲ್ವರ್ ಮರದ ತುದಿಯಲ್ಲಿ ಅಪ್ಪಿ ಕೂತಿದ್ದ.

"ಷಡಕ್ಷರಿಯಣ್ಣ, ನೀವಾ? ಬೇಗ ಹತ್ತಿ ಮೇಲೆ. ಈ ರಸ್ತೆಲಿ ಒಂಟಿ ಸಲಗ ಬರ್ತಾ ಇದೆಯಂತೆ. ಮದ ಬಂದಿದೆಯಂತೆ. ಗ್ರೂಪಲ್ಲಿ ಹಾಕಿದಾರೆ."

"ಎಲ್ಲಿದೆಯಂತೆ?"

"ನೀವು ಬಂದ ಕಡೆಯಿಂದ್ಲೇ. ನಿಮ್ಮ ಹಿಂದೇನೇ ಇರ್ಬೇಕು."

ಷಡಕ್ಷರಿಗೆ ಹಿಂತಿರುಗಿ ನೋಡುವ ಧೈರ್ಯವಾಗಲಿಲ್ಲ. ಮರಕ್ಕೆ ಒರಗಿಸಿದ್ದ ಏಣಿಯ ಮೇಲೆ ಕಾಲಿಟ್ಟ. ಹತ್ತಿದರೆ ಓಟ ಹದಿನಾಲ್ಕಕ್ಕೇ ಮುಗಿಯುತ್ತದೆ, ಏಳು ಜನ ತಪ್ಪಿಸಿಕೊಳ್ಳುತ್ತಾರೆ. ಇನ್ಯಾರದೋ ಅಕ್ಕನಿಗೆ ಆ ಏಳು ಬಾಟಲಿಯೇ ಬೇಕಾಗಿದ್ದರೆ? ಕಾಲು ತೆಗೆದ. ಕೊಪ್ಪೆಯನ್ನು ಮತ್ತೆ ತಲೆಗೆಳೆದುಕೊಂಡು, ಕಲ್ಲೇದೇವರೇ ಕಾಪಾಡು ಎಂದು ಬಿದ್ದಂಬೀಳ ಓಡಿದ.

ಆನೆ ಹಿಂದೆಯೇ ಇತ್ತು. ದಪ್‌ದಪ್ ಹೆಜ್ಜೆ ಅವನಿಗೆ ಸ್ಪಷ್ಟವಾಗಿ ಕೇಳಿಸುತ್ತಿತ್ತು. ತಿದಿಯೊತ್ತಿದಂಥ ಉಸಿರೂ ಕೇಳಿಸುತ್ತಿತ್ತು. ಅವನು ಜೋರಾಗಿ ಓಡಿದರೆ ಅದೂ ಜೋರು, ನಿಧಾನಿಸಿದರೆ ಅದೂ ನಿಧಾನ. ಕೊನೆಯ ಏರಿನಲ್ಲಿ ಅವನು ಕುಂಟತೊಡಗಿದಾಗ ಅದೂ ಕುಂಟಿತು. ಉಳಿದ ಏಳು ಕಿಲೋಮೀಟರನ್ನು ಷಡಕ್ಷರಿ ಹೇಗೆ ಮುಗಿಸಿದನೋ ಅವನಿಗೇ ತಿಳಿಯದು.

ಮೈದಾನದ ಶಾಮಿಯಾನದಲ್ಲಿ ಖಾಲಿ ಕುರ್ಚಿಗಳಿದ್ದವು. ಇಪ್ಪತ್ತೊಂದು ಹಣ್ಣಿನ ರಸದ ಪೊಟ್ಟಣ ಮೇಜಿನ ಮೇಲೆ ಹಾಗೇ ಕೂತಿದ್ದವು. ವ್ಯಾನಿನ ಬಾಗಿಲು ಒಂದು ಗೇಣು ತೆರೆದು ಅಕ್ಕನ ಕೈ ಅವನನ್ನು ಒಳಕ್ಕೆಳೆದುಕೊಂಡಿತು. ಒಳಗೆ ನರ್ಸಮ್ಮ ಮುದುಡಿ ಕೂತಿದ್ದರು.

"ಎಲ್ರೂ ಎಲ್ಲಿ?"

"ಮನೆ ಬಾಗ್ಲು ಹಾಕ್ಕಂಡು ಕೂತಿದಾರೆ. ಆನೆಯಂತೆ."

"ನಂಗೊತ್ತು. ಏಳು ಕಿಲೋಮೀಟರ್ ಅದ್ರ ಮುಂದೇನೇ ಓಡ್ಬಂದೆ ಅಕ್ಕ" ಎಂದ ಷಡಕ್ಷರಿ. ಏದುಸಿರಿನಲ್ಲೂ ಹೆಮ್ಮೆಯಿತ್ತು.

ಅಕ್ಕ ಅವನನ್ನೂ ಅವನ ಕಂಬಳಿಯನ್ನೂ ಕಾಲನ್ನೂ ನೋಡಿದಳು. ಆಮೇಲೆ ತನ್ನ ಫೋನನ್ನು ಅವನ ಮುಂದೆ ಹಿಡಿದಳು. ರುದ್ರಪ್ಪ ತೋಟದ ಬಂಗಲೆಯ ಕಿಟಕಿಯಿಂದ ತೆಗೆದು ಗ್ರೂಪಿಗೆ ಹಾಕಿದ ಫೋಟೋ. ಬಿಳಿ ಹೂಗಳ ನಡುವೆ, ಮಂಜಿನಲ್ಲಿ, ಗುಡ್ಡದಂಥ ಕರಿ ಬೆನ್ನು. ಕೆಳಗೆ ಬರಹ: "ಒಂಟಿ ಸಲಗ. ತುಂಬ ಸಿಟ್ಟಿನಲ್ಲಿದೆ. ಯಾರೂ ಹೊರಗೆ ಬರಬೇಡಿ." ಷಡಕ್ಷರಿ ಚಿತ್ರವನ್ನು ದೊಡ್ಡದು ಮಾಡಿ ನೋಡಿದ. ಸಲಗದ ಕಾಲಲ್ಲಿ ಕಿತ್ತಳೆ ಬಣ್ಣದ ಶೂ ಇದ್ದವು.

ಅಕ್ಕ ನಗಲು ಶುರುಮಾಡಿದಳು. ಕಾಯಿಲೆ ಬಿದ್ದ ಮೇಲೆ ಅವಳು ಹೀಗೆ ಹೊಟ್ಟೆ ಹಿಡಿದು ನಕ್ಕಿದ್ದು ಇದೇ ಮೊದಲು. ಆ ನಗು ಕೇಳಿ ಷಡಕ್ಷರಿಗೆ ನಾಚಿಕೆಗಿಂತ ಸಂತೋಷವೇ ಹೆಚ್ಚಾಯಿತು. ಆದರೆ ಗಂಟೆ ಹನ್ನೆರಡಾಗಿತ್ತು. ಒಪ್ಪಿಕೊಂಡರೆ ಎಲ್ಲರೂ ಈಗಲೇ ಬರುತ್ತಾರೆ. ಸಾಯುವತನಕ ಊರಲ್ಲಿ ಆನೆ ಷಡಕ್ಷರಿ ಅನ್ನಿಸಿಕೊಳ್ಳಬೇಕು, ಅಷ್ಟೇ ತಾನೆ. ತನ್ನ ಫೋನು ಇಸಿದುಕೊಂಡು ಗ್ರೂಪಿನಲ್ಲಿ ಬರೆದ: "ಆ ಆನೆ ನಾನೇ. ದಯವಿಟ್ಟು ಎಲ್ಲರೂ ಬನ್ನಿ."

ಸುಳ್ಳು ಸುದ್ದಿ ಹಬ್ಬಿಸಿದ್ದಕ್ಕಾಗಿ ರುದ್ರಪ್ಪ ಅವನನ್ನು ಗ್ರೂಪಿನಿಂದ ತೆಗೆದುಹಾಕಿದ.

ಐದು ನಿಮಿಷಕ್ಕೆ ಅಕ್ಕನ ಫೋನು ಸದ್ದು ಮಾಡಿತು. ರುದ್ರಪ್ಪ ಬರೆದಿದ್ದ. ಅಕ್ಕ ಕಣ್ಣೀರು ಒರೆಸಿಕೊಳ್ಳುತ್ತ ಓದಿದಳು:

"ಶಿಬಿರ ಮುಂದಿನ ಭಾನುವಾರಕ್ಕೆ. ಮಾತು ಮಾತೇ, ಇಪ್ಪತ್ತೊಂದು ಜನವೂ ಬರುತ್ತೇವೆ. ಆದರೆ ಷಡಕ್ಷರಿ ಅವತ್ತು ಓಡಲೇಬೇಕು. ಇವತ್ತು ಆ ರಸ್ತೆಯಲ್ಲಿ ಆನೆ ಬಿಟ್ಟು ಬೇರೆ ಯಾರೂ ಓಡಿದ್ದನ್ನು ನಾವು ನೋಡಿಲ್ಲ."