ಮೇಕೆಯ ಕಾಲು ಸರಿಹೋದ ಕಥೆ

ನನಗೆ ಅಳು ಬಹಳ ಬೇಗ ಬರುತ್ತದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾರದೋ ಮದುವೆಯಲ್ಲಿ ಹೆಣ್ಣು ಒಪ್ಪಿಸಿಕೊಡುವ ಹೊತ್ತಿಗೆ ಹೆತ್ತ ತಾಯಿಯೇ ಹೋಳಿಗೆ ಸಾಲುತ್ತದೋ ಇಲ್ಲವೋ ಎಂದು ಅಡುಗೆಯವರ ಹತ್ತಿರ ನಿಂತಿದ್ದರೆ, ಊಟಕ್ಕೆಂದು ಬಂದ ನಾನು ಮೂಲೆಯಲ್ಲಿ ಸೆರಗು ಕಚ್ಚಿಕೊಂಡು ಬಿಕ್ಕುತ್ತಿರುತ್ತೇನೆ. ಟೀವಿಯಲ್ಲಿ ಬರುವ ಬೆನ್ನುನೋವಿನ ಮುಲಾಮಿನ ಜಾಹೀರಾತಿಗೂ ಅತ್ತಿದ್ದೇನೆ. ಅದರಲ್ಲಿ ಮಗ ಅಪ್ಪನ ಬೆನ್ನು ತಿಕ್ಕುತ್ತಾನೆ. "ನಿನ್ನ ಕಣ್ಣಿನ ನಲ್ಲಿಗೆ ವಾಷರ್ ಹೋಗಿದೆ ಕಣೇ" ಎನ್ನುತ್ತಾರೆ ನಮ್ಮ ಯಜಮಾನರು. ಇಂಥವಳ ಕೈಗೆ ಒಂದು ಕಾದಂಬರಿ ಕೊಟ್ಟು, ಮಕ್ಕಳಿಗೆ ಜೋರಾಗಿ ಓದಿ ಹೇಳಿ ಎಂದರೆ ಏನಾಗಬೇಕೋ ಅದೇ ಆಯಿತು.

ನಾನು ಬಂಗಾರಪೇಟೆಯಿಂದ ದಿನಾ ರೈಲಿನಲ್ಲಿ ಚಿನ್ನದ ಗಣಿಯ ಊರಿಗಾಂಗೆ ಹೋಗಿ ಐದನೇ ತರಗತಿಗೆ ಪಾಠ ಮಾಡುವ ಟೀಚರು. ಬೇಸಿಗೆಯ ತರಬೇತಿಯಲ್ಲಿ ಒಬ್ಬ ತರುಣರು, "ಒಂದೇ ಒಂದು ಮಕ್ಕಳ ಕಾದಂಬರಿ ಸಾಕು ಮೇಡಂ. ಓದು, ಚಿತ್ರಕಲೆ, ಸಾಮಾಜಿಕ ಕೌಶಲ, ಮೂರೂ ಅದರಲ್ಲೇ ಬಂದುಬಿಡುತ್ತೆ" ಎಂದರು. ಚಿತ್ರಾನ್ನ ತಿಂದು ಮಂಪರಿನಲ್ಲಿದ್ದ ನಾನು ತಲೆಯಾಡಿಸಿದೆ. ತಲೆಯಾಡಿಸಿದವರಿಗೆಲ್ಲ ಒಂದೊಂದು ಪುಸ್ತಕ ಸಿಕ್ಕಿತು. ಒಬ್ಬ ಹುಡುಗಿ, ಅವಳ ಅಜ್ಜಿ, ಒಂದು ಕುಂಟ ಮೇಕೆ, ಇಷ್ಟೇ ಕಥೆ. ಕೊನೆಯ ಅಧ್ಯಾಯವನ್ನು ಮೊದಲು ಓದುವ ಕೆಟ್ಟ ಚಾಳಿ ನನಗೆ. ರೈಲಿನಲ್ಲೇ ಓದಿದೆ. ಅಜ್ಜಿ ಸತ್ತುಹೋಗುತ್ತಾಳೆ. ಎದುರು ಸೀಟಿನ ಹೆಂಗಸು ಕಡಲೆಕಾಯಿ ಬಿಡಿಸುವುದು ನಿಲ್ಲಿಸಿ, "ಯಾರ್ ಓಗ್ಬುಟ್ರಮ್ಮಾ?" ಎಂದು ಕೇಳಿದಳು. ಅಜ್ಜಿ ಎಂದೆ. "ವಯಸ್ಸಾಗಿತ್ತಾ?" ಎಂದಳು. ಪುಸ್ತಕದಲ್ಲಿ ಬರೆದಿಲ್ಲ ಎನ್ನಲು ಬಾಯಿ ಬರಲಿಲ್ಲ.

ನನ್ನ ತರಗತಿಯಲ್ಲಿ ಮುನಿರತ್ನ ಎಂಬ ಹುಡುಗಿ ಇದ್ದಾಳೆ. ಅವಳ ಅಮ್ಮ ಬೆಳಗಿನ ರೈಲಿಗೆ ಬೆಂಗಳೂರಿಗೆ ಮನೆಗೆಲಸಕ್ಕೆ ಹೋದರೆ ಬರುವುದು ಕತ್ತಲಾದ ಮೇಲೆ. ಸಾಕುತ್ತಿರುವುದು ಅಜ್ಜಿ. ತೆಲುಗಿನ ಮನೆಯಾದ್ದರಿಂದ ಅವಳಿಗೆ ಅಜ್ಜಿ ಎಂದರೆ 'ಅವ್ವ'. ಆ ಅವ್ವ ದಸರಾ ಕಳೆದಾಗಿನಿಂದ ಹಾಸಿಗೆ ಹಿಡಿದಿದ್ದಾಳೆ. ಮುನಿರತ್ನಳಿಗೆ ಅಕ್ಷರ ಬರುತ್ತಿತ್ತು, ಕೂಡಿಸಿ ಓದಲು ಬರುತ್ತಿರಲಿಲ್ಲ. ಪುಸ್ತಕದ ಅಜ್ಜಿಯ ಚಿತ್ರ ಬರೆಯಿರಿ ಎಂದಾಗ ಮಿಕ್ಕವರೆಲ್ಲ ಹುಣಸೇಹಣ್ಣು ಆಯುವ ಅಜ್ಜಿಯನ್ನು ಬರೆದರು. ಇವಳು ಮಾತ್ರ ಅಜ್ಜಿಯನ್ನು ಮಂಚದ ಮೇಲೆ ಮಲಗಿಸಿ ಪಕ್ಕದಲ್ಲಿ ಔಷಧಿ ಬಾಟಲಿ ಇಟ್ಟಳು.

"ಈ ಅಜ್ಜಿಗೆ ಇನ್ನೂ ಏನೂ ಆಗಿಲ್ವಲ್ಲೇ" ಎಂದೆ.

"ಆಗ್ತದೆ ಮಿಸ್" ಎಂದಳು.

ಕಥೆಯಲ್ಲೂ ಅಜ್ಜಿಗೆ ಜ್ವರ ಬಂದ ದಿನದಿಂದ ಮುನಿರತ್ನಳದು ಒಂದೇ ಪ್ರಶ್ನೆ. "ಕೊನೇಗೆ ಅವ್ವ ಉಸಾರಾಗ್ತಾಳಾ ಮಿಸ್? ಆ ಅವ್ವ ಉಸಾರಾದ್ರೆ ನಮ್ಮವ್ವಾನೂ ಎದ್ದೋಳ್ತಾಳೆ." ನಾನು, "ಓದೋದು ಕಲಿ, ನೀನೇ ನೋಡ್ಕೋಬಹುದು" ಎಂದುಬಿಡುತ್ತಿದ್ದೆ. ಮೇಷ್ಟ್ರುಗಳೆಲ್ಲ ಹೇಳುವ ಮಾತು ಇದು. ಯಾರೂ ಅದನ್ನು ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ ಎಂಬ ಧೈರ್ಯದ ಮೇಲೆಯೇ ಹೇಳುತ್ತೇವೆ.

ಅಲ್ಲಿಂದ ಮುಂದೆ ನಾನು ಕಥೆಯನ್ನು ಎಳೆಯತೊಡಗಿದೆ. ಮೇಕೆಯ ಚಿತ್ರ ಬರೆಸಿದೆ, ಮೇಕೆಯ ಗೂಟ ಬರೆಸಿದೆ, ಮೇಕೆ ತಿಂದ ಸೊಪ್ಪು ಬರೆಸಿದೆ. ತರಗತಿಯ ಹಸಿರು ಬಣ್ಣವೆಲ್ಲ ಮುಗಿಯಿತು. ಆಮೇಲೆ ಸಾಮಾಜಿಕ ಕೌಶಲಕ್ಕೆ ಇಳಿದೆ. ಯಾರಾದರೂ ಬೇಜಾರಿನಲ್ಲಿದ್ದರೆ ಬುದ್ಧಿ ಹೇಳಬಾರದು, "ಪಕ್ಕದಲ್ಲಿ ಕೂತ್ಕೊಳ್ಲಾ?" ಎಂದು ಕೇಳಿ ಸುಮ್ಮನೆ ಕೂರಬೇಕು ಎಂದು ಕಲಿಸಿದೆ. ಜೋಡಿ ಮಾಡಿ ಆಡಿಸಿದರೆ, ಬೇಜಾರಿನ ಪಾತ್ರ ನನಗೇ ಬೇಕು ಎಂದು ಇಬ್ಬರು ಹೊಡೆದಾಡಿಕೊಂಡರು. ಬಿಡಿಸಲು ಹೋದ ನನಗೂ ಒಂದು ಬಿತ್ತು.

ಎಷ್ಟು ಎಳೆದರೂ ಕೊನೆಯ ಅಧ್ಯಾಯ ಬಂದೇ ಬಂತು. ಅಷ್ಟರಲ್ಲಿ ಮುನಿರತ್ನಳ ಅವ್ವ ಗಂಜಿ ಕುಡಿಯುವುದನ್ನೂ ಬಿಟ್ಟಿದ್ದಳು. ಹುಡುಗಿ ಮುಂದಿನ ಸಾಲಿಗೆ ಬಂದು ಕೂತು ನನ್ನ ಬಾಯನ್ನೇ ನೋಡುತ್ತಿದ್ದಳು. ನನ್ನಿಂದ ಆಗಲಿಲ್ಲ. ಪುಸ್ತಕವನ್ನು ಮುಖಕ್ಕೆ ಅಡ್ಡ ಹಿಡಿದು, ಅದರಲ್ಲಿಲ್ಲದ ಕಥೆಯನ್ನು ಓದಿದೆ. ಅಜ್ಜಿ ಎದ್ದು ಕೂತಳು, ಮುದ್ದೆ ಉಂಡಳು. ಸುಳ್ಳು ಹೇಳಲು ನಿಂತ ಮೇಲೆ ಜಿಪುಣತನ ಯಾಕೆ ಎಂದು ಮೇಕೆಗೆ ಅವಳಿಮರಿ ಹಾಕಿಸಿದೆ, ಕುಂಟ ಕಾಲನ್ನೂ ಸರಿಮಾಡಿಸಿದೆ. ಮಕ್ಕಳು ಚಪ್ಪಾಳೆ ತಟ್ಟಿದರು. ಮುನಿರತ್ನ ಪುಸ್ತಕ ಮನೆಗೆ ಕೊಡಿ ಎಂದಳು. ಅವಳಿಗೆ ಓದಲು ಎಲ್ಲಿ ಬರುತ್ತದೆ ಎಂದು ಕೊಟ್ಟು ಕಳಿಸಿದೆ. ಮನೆಗೆ ಬಂದು, ಒಂದು ಜೀವ ಉಳಿಸಿದೆ ನೋಡಿ ಎಂದು ಯಜಮಾನರ ಮುಂದೆ ಕೊಚ್ಚಿಕೊಂಡದ್ದೂ ಆಯಿತು.

ಮಾರನೇ ದಿನ ಬಿಸಿಯೂಟದ ಹೊತ್ತಿಗೆ ಅವಳು ಪುಸ್ತಕ ಹಿಡಿದುಕೊಂಡು ಬಂದಳು.

"ಮಿಸ್, ಮೇಕೆ ಕಾಲು ಸರಿಹೋಗಿಲ್ಲ" ಎಂದಳು.

ಕಲಸಿದ ಅನ್ನ ಕೈಯಲ್ಲೇ ಉಳಿಯಿತು. ಅಜ್ಜಿಯ ಮಾತೇ ಎತ್ತದೆ ಮೇಕೆಯ ಕಾಲಿನಿಂದ ಶುರುಮಾಡಿದ್ದಳು. ನನಗೆ ನೋವಾಗಬಾರದು ಎಂದು ಇರಬೇಕು.

"ಪೂರ್ತಿ ಓದಿದ್ಯಾ?"

"ಓದ್ದೆ. ಓದೋದು ಕಲಿ ಅಂದ್ರಲ್ಲ ಮಿಸ್, ಅವತ್ತಿಂದ ದಿನಾ ಕೂಡ್ಸಿ ಕೂಡ್ಸಿ ಕಲ್ತೆ. ಅವ್ವಂಗೂ ಓದಿ ಯೇಳ್ದೆ."

ಅವ್ವ ಏನಂದರು ಎಂದು ಹೇಗೋ ಕೇಳಿದೆ.

"ನಗಾಡಿದ್ಲು ಮಿಸ್. ಆ ವಯಸ್ಸಿಗೆ ಸಾಯ್ದೆ ಇನ್ನೇನ್ ಮದ್ವೆ ಆಗ್ತಾಳಾ ಅಂದ್ಲು. ಅವ್ಳು ಸತ್ಮೇಲೆ ಆ ಉಡ್ಗಿ ಒಬ್ಳೇ ಎಂಗೆ ಇದ್ಲು, ಮೇಕೆ ಎಂಗೆ ಸಾಕಿದ್ಲು, ಅದನ್ನ ಇನ್ನೊಂದ್ ಸಲ ಓದು ಅಂದ್ಲು. ಓದ್ದೆ. ಆಮೇಲೆ, ಚೆನ್ನಾಗ್ ಕೇಳಿಸ್ಕೊಂಡ್ಯಾ ಅಂದ್ಲು."

ನಾನು ಕತ್ತರಿಸಿ ಎಸೆದಿದ್ದು ಅದೇ ಭಾಗವನ್ನು. ಆ ಮುದುಕಿಗೆ ಮೊಮ್ಮಗಳ ಕೈಗೆ ಕೊಟ್ಟು ಹೋಗಲು ಬೇಕಾಗಿದ್ದುದೂ ಅದೇ. ನನಗೆ ನಾಚಿಕೆಯಾಯಿತು.

"ನಿಮ್ ಮಿಸ್ಸು ಪಾಪ ಎದ್ರುಕೊಂಡವ್ಳೆ, ಅವ್ಳಿಗೂ ಓದಿ ಯೇಳು ಅಂದ್ಲು ಅವ್ವ" ಎಂದಳು ಮುನಿರತ್ನ. ಆಮೇಲೆ ನಾನೇ ಕಲಿಸಿದ ದನಿಯಲ್ಲಿ, "ಪಕ್ಕದಲ್ಲಿ ಕೂತ್ಕೊಳ್ಲಾ ಮಿಸ್?" ಎಂದು ಕೇಳಿದಳು.

ಕೂತಳು. ಸಾಲಿನ ಕೆಳಗೆ ಬೆರಳಿಟ್ಟುಕೊಂಡು ಕೊನೆಯ ಅಧ್ಯಾಯವನ್ನು ಪೂರ್ತಿ ಓದಿದಳು. ಓದು, ಚಿತ್ರ, ಕೌಶಲ ಮೂರಕ್ಕೂ ಬೇರೆಬೇರೆ ಅಂಕ ಹಾಕಬೇಕು ಎಂದು ತರಬೇತಿಯಲ್ಲಿ ಹೇಳಿದ್ದರು. ಚಿತ್ರಕ್ಕೂ ಕೌಶಲಕ್ಕೂ ಹಾಕಿದ್ದೇನೆ. ಓದಿನಲ್ಲಿ ಎಲ್ಲೆಲ್ಲಿ ತಪ್ಪಿದಳು ಎಂದು ಮಾತ್ರ ಹೇಳಲಾರೆ. ಆ ಹೊತ್ತಿನಲ್ಲಿ ನನಗೆ ಅಕ್ಷರ ಕಾಣುತ್ತಿರಲಿಲ್ಲ.