ಶೇಖರಣ್ಣನಿಗೆ ಹೋದ ಬಿಲ್ಲು

ಬಿಲ್ಲು ಬರೆಯುವುದೇನು ಮಹಾ ಕೆಲಸ! ದೋಣಿಯ ಎರಡೂ ಬದಿಗೆ ಒಂದೇ ಅಳತೆಯಲ್ಲಿ ಹೆಸರು ಬರೆಯಬಲ್ಲವನಿಗೆ ಅರ್ಧ ಹಾಳೆಯ ಬಿಲ್ಲು ಯಾವ ಲೆಕ್ಕ? ಹೀಗೆಂದು ನಂಬಿಯೇ ನಾನು ಆ ದಿನ ಮೊಬೈಲ್ ಕೈಗೆತ್ತಿಕೊಂಡೆ.

ಕುಂದಾಪುರದ ಹತ್ತಿರ ಬೀಜಾಡಿಯ ಮನೆಯಲ್ಲೇ ಕೂತು ಅಕ್ಷರ ವಿನ್ಯಾಸ ಮಾಡುವುದು ನನ್ನ ವೃತ್ತಿ. ಮದುವೆ ಕಾಗದ, ಅಂಗಡಿಯ ಬೋರ್ಡು, ದೋಣಿಯ ಹೆಸರು ಎಲ್ಲವೂ ಆಗುತ್ತದೆ. ಯಾರ ಕೈಕೆಳಗೂ ಇಲ್ಲ. ಇದಕ್ಕೆ ಫ್ರೀಲ್ಯಾನ್ಸರ್ ಎಂಬ ಘನವಾದ ಹೆಸರಿದೆ. ಆದರೆ ನಮ್ಮ ಕಡೆ ಅದರ ತೂಕ ಯಾರಿಗೂ ತಿಳಿಯದು. ದಾರಿಯಲ್ಲಿ ಸಿಕ್ಕವರು ಕೇಳುತ್ತಾರೆ:

“ಈಗ ಎಂತ ಮಾಡ್ಕಂಡಿದ್ರಿ?”

“ಮನಿಯಲ್ಲೇ ಕೆಲ್ಸ.”

“ಹಂಗಾರೆ ಕೆಲ್ಸ ಇಲ್ಲೆ ಅಂದ್ಹೇಳಿ!”

ಮಾತು ಅಲ್ಲಿಗೆ ಮುಗಿಯುತ್ತದೆ. ನನ್ನ ಹೆಂಡತಿ ಸುಮತಿಗೆ ಮಾತ್ರ ನಿಜವಾದ ಕೆಲಸ, ಬ್ಯಾಂಕಿನದು. ಆ ಬ್ಯಾಂಕು ಅವಳನ್ನು ವಿಜಯಪುರಕ್ಕೆ ವರ್ಗ ಮಾಡಿ ಕೂರಿಸಿದೆ. ಎರಡು ತಿಂಗಳಿಗೊಮ್ಮೆ ಬಂದು, ಒಗೆದ ಬಟ್ಟೆ ಒಣಗುವ ಮೊದಲೇ ಹೊರಡುತ್ತಾಳೆ. ಅವಳಿಲ್ಲದ ಮನೆಯಲ್ಲಿ ನನಗೆ ಬೇಜಾರು. ಇದನ್ನು ಸುತ್ತಿಬಳಸಿ ಹೇಳುವ ಅಗತ್ಯವಿಲ್ಲ. ಚಾ ಮಾಡುವಾಗ ಕೈ ತಾನಾಗಿಯೇ ಎರಡು ಲೋಟ ಇಡುತ್ತದೆ, ಆಮೇಲೆ ಒಂದನ್ನು ನಾನೇ ಚೆಲ್ಲುತ್ತೇನೆ.

ಕಳೆದ ಸಲ ಬಂದಾಗ ಅವಳೇ ಒಂದು ದಾರಿ ತೋರಿಸಿದಳು.

“ಹ್ವಾಯ್, ನಿಮ್ಮ ದುಡ್ಡ್ ತಿಂಗ್ಳ್ ತಿಂಗ್ಳ್ ಸಮಾ ಬಂದ್ರೆ, ಸಂಬ್ಳ ಇಲ್ದಿದ್ರೂ ಅಡ್ಡಿಲ್ಲೆ, ಮೂರ್ ತಿಂಗ್ಳ್ ರಜೆ ಹಾಕಿ ಮನಿಗ್ ಬತ್ತೆ. ಆರೆ ನೀವ್ ಬಿಲ್ಲೇ ಕಳ್ಸುದಿಲ್ಲೆ!”

ಮೂರು ತಿಂಗಳು! ನನ್ನ ಕಿವಿ ನೆಟ್ಟಗಾಯಿತು.

“ಕೆಲ್ಸ ಮುಗ್ದ್ ದಿನವೇ ಬಿಲ್ ಕಳ್ಸ್ಕ್. ನಂಬರ್ ಹಾಕ್ಕ್. ಎಂತಕ್ಕೆ ಅಂದ್ಹೇಳಿ ಬಿಡ್ಸಿ ಬರಿಕ್. ಗಡು ಹಾಕ್ಕ್. ಬಾರ್ದಿದ್ರೆ ನೆನ್ಪ್ ಮಾಡ್ಕ್,” ಎಂದು ಉಪದೇಶಿಸಿ ಬಸ್ಸು ಹತ್ತಿದಳು.

ಬಿಲ್ಲು ಕಳಿಸದಿರುವುದಕ್ಕೆ ನನ್ನ ಸೋಮಾರಿತನವೊಂದೇ ಕಾರಣವಲ್ಲ. ನಮ್ಮಲ್ಲಿ ಗುರುತಿನವರಿಗೆ ಬಿಲ್ಲು ಕೊಡುವುದೆಂದರೆ ಉಂಡ ಮನೆಗೆ ಊಟದ ರುಚಿ ಬಗ್ಗೆ ದೂರು ಕೊಟ್ಟಂತೆ. ಕೋಡಿಯ ಶೇಖರಣ್ಣನನ್ನೇ ನೋಡಿ. ಅವರ ಹೊಸ ದೋಣಿಗೆ ಅವರ ಹೆಂಡತಿ ಗಿರಿಜಕ್ಕನ ಹೆಸರನ್ನು ಬರೆದುಕೊಟ್ಟವನು ನಾನು. ದುಡ್ಡಿನ ಮಾತು ತುಟಿಗೆ ಬರುವಷ್ಟರಲ್ಲಿ ಅವರು “ಕಾಂಬ ಮಾಣಿ, ಕಾಂಬ” ಎಂದು ಮಾತನ್ನು ಮುಂದಕ್ಕೆ ತಳ್ಳಿ ಕೈಗೊಂದು ಚೀಲ ಬಂಗುಡೆ ಮೀನು ಕೊಟ್ಟುಬಿಡುತ್ತಾರೆ. ತಾಜಾ ಬಂಗುಡೆ ಹಿಡಿದುಕೊಂಡು ಬಾಕಿ ಕೇಳುವ ಗಂಡಸು ಕುಂದಾಪುರದಲ್ಲಿ ಇನ್ನೂ ಹುಟ್ಟಿಲ್ಲ.

ಆದರೆ ಈಗ ಮೂರು ತಿಂಗಳ ರಜೆಯ ಪ್ರಶ್ನೆ. ಮೊಬೈಲಿಗೆ ಬಿಲ್ಲು ಬರೆಯುವ ಆ್ಯಪ್ ಒಂದನ್ನು ಹಾಕಿಕೊಂಡೆ. ಕೈ ಪಳಗಲೆಂದು ಮೊದಲು ಸುಮತಿಯ ಹೆಸರಿಗೇ ಒಂದು ಬಿಲ್ಲು ಬರೆದೆ. ಕಳಿಸಲಿಕ್ಕಲ್ಲ, ಬರೀ ಅಭ್ಯಾಸಕ್ಕೆ.

“ಒಂದು: ಸಂಜೆ ಕೋಡಿ ಕಡಲ ಬದಿಯಲ್ಲಿ ನೀನಿಲ್ಲದೆ ಒಬ್ಬನೇ ಕೂತದ್ದು. ಎರಡು: ಎರಡು ಲೋಟ ಚಾ ಮಾಡಿ ಒಂದನ್ನು ಚೆಲ್ಲಿದ್ದು. ಮೂರು: ನಿನ್ನ ದಿಂಬಿನ ಕಡೆಗೆ ಹೊರಳಿ, ನೀನಿಲ್ಲವೆಂದು ನೆನಪಾಗಿ ನಿದ್ದೆಗೆಟ್ಟದ್ದು. ಪಾವತಿಯ ಕ್ರಮ: ಖುದ್ದಾಗಿ ಬರತಕ್ಕದ್ದು. ತಡವಾದರೆ ಬಡ್ಡಿ ಏರುವುದು.”

ಬರೆಯುತ್ತ ಬರೆಯುತ್ತ ಮೊಬೈಲಿನ ಮೇಲೆ ಒಂದು ಹನಿ ಬಿತ್ತು. ಆದರೆ ನಾನೀಗ ವ್ಯವಹಾರಸ್ಥ! ಕಣ್ಣೊರೆಸಿಕೊಂಡು ಶೇಖರಣ್ಣನ ಬಿಲ್ಲಿಗೆ ಬಂದೆ. ಮತ್ತೆ ಮೊದಲಿನಿಂದ ಬರೆಯುವ ಬದಲು ಹಿಂದಿನ ಬಿಲ್ಲಿನ ನಕಲು ಮಾಡಿದರಾಯಿತೆಂದು ನಕಲು ಒತ್ತಿದೆ. ಮೇಲೆ ಶೇಖರಣ್ಣನ ಹೆಸರು ಹಾಕಿದೆ, ನಂಬರು ಹಾಕಿದೆ, ತಾರೀಕು ಹಾಕಿದೆ. ಅಷ್ಟರಲ್ಲಿ ಒಳಗೆ ಹಾಲು ಉಕ್ಕಿತು. ಓಡಿ ಹೋಗಿ ಒಲೆ ಆರಿಸಿ, ಬಂದು, ಕಳಿಸಿಬಿಟ್ಟೆ. ಮೂರು ದಿನಕ್ಕೊಮ್ಮೆ ತಾನಾಗಿ ನೆನಪೋಲೆ ಹೋಗುವ ಏರ್ಪಾಡನ್ನೂ ಮಾಡಿದೆ. ಆ ದಿನ ನನ್ನ ಬೆನ್ನು ನನಗೇ ತಟ್ಟಲು ಸಿಕ್ಕಿದ್ದರೆ ತಟ್ಟಿಕೊಳ್ಳುತ್ತಿದ್ದೆ.

ವಾರ ಕಳೆದು ಮೀನು ಮಾರ್ಕೆಟಿನಲ್ಲಿ ಶೇಖರಣ್ಣ ಕಂಡರು. ನನ್ನನ್ನು ನೋಡಿದ್ದೇ ತಡ, ದೊಡ್ಡ ಅಂಜಲ್ ಮೀನೊಂದರ ಬುಟ್ಟಿಯ ಹಿಂದೆ ಸರಿದರು. ಬಿಲ್ಲಿಗೆ ಇಷ್ಟು ಶಕ್ತಿಯಿದೆ ಎಂದು ನನಗೆ ಗೊತ್ತಿರಲಿಲ್ಲ!

“ಶೇಖರಣ್ಣ, ಬಿಲ್ ಕಂಡ್ರ್ಯಾ?”

“ಕಂಡೆ ಮಾಣಿ, ಕಂಡೆ,” ಎಂದು ಅತ್ತಿತ್ತ ನೋಡಿದರು. “ಸಣ್ಣಕ್ ಮಾತಾಡ್. ಗಿರಿಜಂಗೆ ಗೊತ್ತಿಲ್ಲೆ.”

ಪಾಪ, ಖರ್ಚನ್ನು ಹೆಂಡತಿಯಿಂದ ಮುಚ್ಚಿಟ್ಟಿದ್ದಾರೆ ಎಂದುಕೊಂಡೆ.

“ನಾನ್ ಯಾರ್ ಹತ್ರೂ ಹೇಳುದಿಲ್ಲೆ. ಒಂದೇ ಸರ್ತಿಗೆ ಆಯ್ಕ್ ಅಂದಿಲ್ಲೆ, ಸ್ವಲ್ಪ ಸ್ವಲ್ಪ ಆರೂ ಅಡ್ಡಿಲ್ಲೆ. ಆರೆ ಬಡ್ಡಿ ಏರ್ತಾ ಇತ್ತ್, ಕಾಣಿ!”

ಶೇಖರಣ್ಣ ನನ್ನ ಮುಖವನ್ನು ಬಹಳ ಹೊತ್ತು ನೋಡಿದರು. ಕಡಲಲ್ಲಿ ಎಷ್ಟೋ ಗಾಳಿ ಕಂಡ ಮನುಷ್ಯ. ಕೊನೆಗೆ ನಿಟ್ಟುಸಿರು ಬಿಟ್ಟು ಹೇಳಿದರು: “ಆಯ್ತ್. ಸಂಜಿಗೆ ಕೋಡಿಗೆ ಬತ್ತೆ.”

ಸಂಜೆ ನಾನು ಎಂದಿನ ಜಾಗದಲ್ಲಿ ಮರಳ ಮೇಲೆ ಕೂತಿದ್ದೆ. ಶೇಖರಣ್ಣ ಬಂದು ಪಕ್ಕದಲ್ಲಿ ಕೂತರು. ಹೊಳೆ ಕಡಲಿಗೆ ಸೇರುವುದನ್ನು ನೋಡುತ್ತ ಕಾಲು ಚಾಚಿದರು. ನನ್ನ ಕಣ್ಣು ಅವರ ಕಿಸೆಯ ಮೇಲೆಯೇ ಇತ್ತು. ಅವರ ಕೈ ಮೆಲ್ಲನೆ ಚೀಲಕ್ಕೆ ಹೋಯಿತು. ಹೊರಗೆ ಬಂದದ್ದು ಒಂದು ಫ್ಲಾಸ್ಕು, ಎರಡು ಲೋಟ!

“ಚಾ ಕುಡಿ. ನಾ ಇದ್ದೆ ಅಲ್ದಾ, ಇವತ್ ಚೆಲ್ಲುದ್ ಬೇಡ.”

ಕುಡಿದೆ. ಕಡಲಲ್ಲಿ ಹೊತ್ತು ಮುಳುಗಿತು. ಶೇಖರಣ್ಣ ಎದ್ದು ಮರಳು ಕೊಡವಿಕೊಂಡರು.

“ಒಂದ್ನೆದ್ ಆಯ್ತ್, ಎರ್ಡ್ನೆದೂ ಆಯ್ತ್. ಆ ಮೂರ್ನೆದ್ ಮಾತ್ರ ನನ್ನತ್ರ ಆತಿಲ್ಲೆ ಮಾಣಿ. ಬೇಕಾರೆ ಬಂಗುಡೆ ಕೊಡ್ತೆ!”

“ಎಂತ ಮೂರ್ನೆದ್?” ಎಂದೆ. ಅವರು ಮೊಬೈಲ್ ತೆಗೆದು ತೋರಿಸಿದರು. ಮೇಲೆ ಅವರ ಹೆಸರು, ನಂಬರು, ತಾರೀಕು ಎಲ್ಲ ಕ್ರಮಬದ್ಧ. ಕೆಳಗೆ ನನ್ನ ಲೋಟ, ನನ್ನ ನಿದ್ದೆ, ಸುಮತಿಯ ದಿಂಬು. ಹೆಸರು ಬದಲಿಸಿದ ನಾನು ವಿವರ ಬದಲಿಸಿರಲೇ ಇಲ್ಲ!

“ತಪ್ಪಿ ಬಂದದ್ದ್ ಅಂದ್ಹೇಳಿ ಗೊತ್ತಾಯ್ಲಿಲ್ಯಾ ಶೇಖರಣ್ಣ?”

“ಓದ್ದ್ ಕೂಡ್ಲೇ ಗೊತ್ತಾಯ್ತ್. ಆರೆ ಮಾರ್ಕೆಟಲ್ಲಿ ನೀನೇ ಬಡ್ಡಿ ಅಂದೆ ಅಲ್ದಾ? ಪಾಪ, ಮಾಣಿಗೆ ಬಾಳ ಬೇಜಾರಾಯ್ತ್ ಕಾಂತ್ ಅಂದ್ಕಂಡ್ ಬಂದೆ.” ಫ್ಲಾಸ್ಕನ್ನು ಚೀಲಕ್ಕೆ ಹಾಕುತ್ತ ಹೇಳಿದರು: “ನಂಗೂ ದೋಣಿಯಲ್ಲಿ ಹೋಪತಿಗೆಲ್ಲ ಗಿರಿಜಂದೇ ನೆನ್ಪಾತಿತ್ತ್. ಹೇಳುಕ್ ಬಾರ್ದೆ ದೋಣಿಗೆ ಹೆಸ್ರ್ ಇಟ್ಟೆ.”

ನಾನು ಬರೆದುಕೊಟ್ಟ ಆ ಹೆಸರಿನ ಹಿಂದೆ ಇಷ್ಟೆಲ್ಲ ಇದೆಯೆಂದು ನನಗೆ ತಿಳಿದಿರಲಿಲ್ಲ. ಇಂಥ ಮನುಷ್ಯನ ಹತ್ತಿರ ಬಡ್ಡಿ ಕೇಳಿದ್ದೆನಲ್ಲ ಎಂದು ನಾಚಿಕೆಯಾಯಿತು.

ಅಷ್ಟಕ್ಕೇ ಮುಗಿದಿದ್ದರೆ ಮಾನ ಉಳಿಯುತ್ತಿತ್ತು. ಆದರೆ ನೆನಪೋಲೆಯ ಏರ್ಪಾಡನ್ನು ನಿಲ್ಲಿಸಲು ಮರೆತಿದ್ದೆ. ಮರುದಿನ ಬೆಳಿಗ್ಗೆ ಶೇಖರಣ್ಣ ಮೀಯಲು ಹೋಗಿದ್ದಾಗ ಅವರ ಮೊಬೈಲ್ ಕೂಗಿತು. ಗಿರಿಜಕ್ಕ ಓದಿದರು. “ಮಾನ್ಯರೇ, ತಮ್ಮ ಬಾಕಿ ಇನ್ನೂ ಸಂದಿಲ್ಲ. ಖುದ್ದಾಗಿ ಬರತಕ್ಕದ್ದು.” ಜೊತೆಗೆ ಬಿಲ್ಲಿನ ಪ್ರತಿ! ಗಿರಿಜಕ್ಕ ನೇರವಾಗಿ ವಿಜಯಪುರಕ್ಕೇ ಫೋನು ಹಚ್ಚಿದರು.

“ಸುಮತೀ, ನಿನ್ ಗಂಡಂಗೆ ಎಂತ ಆಯ್ತೇ? ನನ್ ಗಂಡ ಇಲ್ದೆ ಅವ್ರಿಗೆ ನಿದ್ರಿ ಬತ್ತಿಲ್ಯಂಬ್ರ್!”

ಬಿಲ್ಲನ್ನೂ ಕಳಿಸಿಕೊಟ್ಟರು. ಸುಮತಿ ಅದನ್ನು ಬ್ಯಾಂಕಿನಲ್ಲಿ ಕೂತು ಓದಿದಳಂತೆ. ಮಧ್ಯಾಹ್ನ ನನಗೆ ಫೋನು ಬಂತು. ಬೈಗುಳಕ್ಕೆ ಸಿದ್ಧನಾಗಿ ನಿಂತೆ.

“ನಂಬರ್ ಹಾಕಿದ್ರಿ. ಬಿಡ್ಸಿ ಬರ್ದಿದ್ರಿ. ನೆನ್ಪೂ ಮಾಡಿದ್ರಿ,” ಎಂದಳು. ಆಮೇಲೆ ಅವಳ ದನಿ ಒದ್ದೆಯಾಯಿತು. “ವಿಳಾಸ ಒಂದ್ ತಪ್ಪ್, ಹ್ವಾಯ್. ಶನಿವಾರ ಬತ್ತೆ.”

ಬಂದಳು. ಶೇಖರಣ್ಣನ ಬಂಗುಡೆಗೆ ಮಸಾಲೆ ಅರೆದು ಗಸಿ ಮಾಡಿದಳು. ಎರಡೂ ಲೋಟ ಖಾಲಿಯಾದವು. ಆದರೆ ಭಾನುವಾರವೆಂಬುದು ನಮ್ಮ ಮನೆಯಲ್ಲಿ ಬಹಳ ಬೇಗ ಬರುತ್ತದೆ. ಸಂಜೆ ಬಸ್ಸಿನ ಬಾಗಿಲಲ್ಲಿ ನಿಂತು ಅವಳು ಕಟ್ಟಪ್ಪಣೆ ಮಾಡಿದಳು.

“ಶೇಖರಣ್ಣನ ಸಮಾ ಬಿಲ್ ಇವತ್ತೇ ಕಳ್ಸಿ. ಹೀಂಗೆ ಎರ್ಡ್ ದಿನಕ್ ಬಂದ್ ಹೋಪುಕೆ ನಂಗೂ ಆತಿಲ್ಲೆ.”

ಬಸ್ಸು ಸರ್ಕಲ್ ದಾಟಿ ಹೋಯಿತು. ನಾನು ಅಲ್ಲೇ ಕಟ್ಟೆಯ ಮೇಲೆ ಕೂತು ಶೇಖರಣ್ಣನ ಬಿಲ್ಲನ್ನು ಶಾಸ್ತ್ರೋಕ್ತವಾಗಿ ಬರೆದೆ. ಈ ಸಲ ನಕಲಿಲ್ಲ! ಅದರ ಬೆನ್ನಿಗೇ ಸುಮತಿಗೂ ಒಂದು ಬರೆದೆ: “ಬಸ್ಸು ಕಾಣೆಯಾದ ಮೇಲೂ ದಾರಿ ನೋಡುತ್ತ ಕೂತದ್ದು.” ಕಣ್ಣು ಮಂಜಾಗಿತ್ತು. ಆದರೂ ಎರಡೂ ಹೆಸರನ್ನು ನೋಡಿಯೇ ಒತ್ತಿದೆ ಎಂದು ಆಣೆ ಮಾಡಿ ಹೇಳುತ್ತೇನೆ.

ಬಸ್ಸಿನಿಂದ ಸಂದೇಶ ಬಂತು. “ದೋಣಿ ಬಿಲ್ ನಂಗ್ ಬಂತ್. ಶೇಖರಣ್ಣಂಗೆ ಎಂತ ಹೋಯ್ತ್?”

ಉತ್ತರ ಬರೆಯುವ ಮೊದಲೇ ಫೋನು ಬಡಿದುಕೊಂಡಿತು.

“ಹ್ವಾಯ್ ಮಾಣಿ,” ಎಂದರು ಶೇಖರಣ್ಣ, “ಅಲ್ಲೇ ಕೂಕೊ. ಬತ್ತೆ. ಈ ಸರ್ತಿ ಗಿರಿಜಂಗೆ ಹೇಳಿಯೇ ಬತ್ತೆ.”